ಕಡಲಾಚೆಯ ಅತಿಥಿ ವೀರಚಂದ ಗಾಂಧಿ

ಶ್ರಾವಕನು ಪಾಲಿಸಬೇಕಾದ ಹನ್ನೆರಡು ವ್ರತಗಳಲ್ಲಿ ಕಡೆಯದು ಅತಿಥಿಸಂವಿಭಾಗ. ಬರುವ ತಿಥಿಯನ್ನು ಮುಂಚಿತವಾಗಿ ತಿಳಿಸದೆ ಬರುವವನು ಅತಿಥಿ. ತನಗಾಗಿ ಸಿದ್ಧಪಡಿಸಿಕೊಂಡ ಶುದ್ಧ ಆಹಾರದಲ್ಲಿ ಅವನಿಗೊಂದು ಭಾಗವನ್ನು ಸಂತೋಷದಿಂದ ಎತ್ತಿಡುವುದೇ ಸಂವಿಭಾಗ. ಆಚಾರ್ಯ ಸಮಂತಭದ್ರರು ಇದೇ ವ್ರತವನ್ನು ವೈಯಾವೃತ್ಯವೆಂದು ಕರೆದು ಸೇವೆಯ ಅರ್ಥವನ್ನು ಅದಕ್ಕೆ ವಿಸ್ತರಿಸಿದರು. ಉತ್ತಮ ಪಾತ್ರರಾದ ಮುನಿಗಳಿಗೆ ಭಕ್ತಿಯಿಂದ ನೀಡುವುದು ಪಾತ್ರದಾನ. ಹಸಿದು ಬಂದ ಯಾರಿಗೇ ಆಗಲಿ ಮರುಗಿ ನೀಡುವುದು ಕರುಣಾದಾನ. ಆತಿಥೇಯನ ಕರ್ತವ್ಯವನ್ನು ಶಾಸ್ತ್ರಗಳು ಹೀಗೆ ವಿವರವಾಗಿ ಹೇಳಿವೆ. ಆದರೆ ಅತಿಥಿಯಾಗಿ ಹೋದವನಿಗೂ ಒಂದು ಧರ್ಮವಿದೆ. ಪರರ ಮನೆಯಲ್ಲಿ, ಪರದೇಶದಲ್ಲಿ, ಪರಮತದವರ ನಡುವೆ ಇರುವಾಗ ತನ್ನ ವ್ರತವನ್ನು ಬಿಡದೆ, ಆತಿಥೇಯನ ಮನಸ್ಸನ್ನೂ ನೋಯಿಸದೆ ನಡೆದುಕೊಳ್ಳುವುದು ಸುಲಭವಲ್ಲ. ಈ ಕಠಿಣ ಪರೀಕ್ಷೆಯಲ್ಲಿ ತೇರ್ಗಡೆಯಾದ ಒಬ್ಬ ಜೈನ ಗೃಹಸ್ಥರೆಂದರೆ ವೀರಚಂದ ರಾಘವಜಿ ಗಾಂಧಿ.

ವೀರಚಂದರು ಜನಿಸಿದ್ದು 1864ರ ಆಗಸ್ಟ್ 25ರಂದು, ಕಾಠಿಯಾವಾಡದ ಭಾವನಗರ ಸಂಸ್ಥಾನಕ್ಕೆ ಸೇರಿದ ಮಹುವಾ ಎಂಬ ಊರಿನಲ್ಲಿ. ತಂದೆ ರಾಘವಜಿಯವರು ವ್ಯಾಪಾರಿಗಳು, ಊರಿನಲ್ಲಿ ಮಾನ್ಯತೆಯುಳ್ಳವರು, ಸುಧಾರಣೆಯ ಒಲವುಳ್ಳವರು. ಮಗನ ವಿದ್ಯೆಗೆ ಅವರು ಯಾವ ಅಡ್ಡಿಯನ್ನೂ ಬರಗೊಡಲಿಲ್ಲ. ವೀರಚಂದರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1884ರಲ್ಲಿ ಬಿ.ಎ. ಆನರ್ಸ್ ಪದವಿ ಪಡೆದರು. ಆ ಕಾಲದ ಜೈನ ಸಮಾಜದಲ್ಲಿ ಇಂತಹ ಪದವೀಧರರು ಅತಿ ವಿರಳ. ಮರುವರ್ಷವೇ ಭಾರತೀಯ ಜೈನ ಸಂಘವು ಅವರನ್ನು ಗೌರವ ಕಾರ್ಯದರ್ಶಿಯನ್ನಾಗಿ ಆರಿಸಿತು. ಆಗ ಅವರ ವಯಸ್ಸು ಕೇವಲ 21. 1890ರಲ್ಲಿ ತಂದೆ ತೀರಿಕೊಂಡಾಗ, ಎದೆ ಬಡಿದುಕೊಂಡು ಗೋಳಾಡುವ ಅಂದಿನ ಪದ್ಧತಿಯನ್ನು ಅವರು ತಮ್ಮ ಮನೆಯಲ್ಲಿ ನಡೆಯಗೊಡಲಿಲ್ಲ. ಸಂಸಾರದ ಅನಿತ್ಯತೆಯನ್ನು ಬೋಧಿಸುವ ಧರ್ಮದವರು ಸಾವಿನ ಮುಂದೆ ಆರ್ತಧ್ಯಾನಕ್ಕೆ ಬೀಳಬಾರದೆಂಬುದು ಅವರ ನಿಲುವಾಗಿತ್ತು.

ಅವರ ಸಾರ್ವಜನಿಕ ಸೇವೆ ಆರಂಭವಾದದ್ದೇ ಯಾತ್ರಿಕರ ಹಿತಕ್ಕಾಗಿ. ಶತ್ರುಂಜಯ ಗಿರಿಯ ಯಾತ್ರೆಗೆ ಬರುವವರ ಮೇಲೆ ಪಾಲಿಟಾಣಾದ ಠಾಕೂರರು ತಲೆಗಂದಾಯ ವಿಧಿಸಿದ್ದರು. ದೇವರ ದರ್ಶನಕ್ಕೆ ಬಂದ ಬಡ ಯಾತ್ರಿಕನಿಗೆ ಇದು ಭಾರವಾಗಿತ್ತು. ವಸೂಲಿಯಲ್ಲಿ ಕಿರುಕುಳವೂ ಸೇರಿಕೊಂಡಿತ್ತು. ವೀರಚಂದರು ಮುಂಬಯಿಯ ಗವರ್ನರ್ ಲಾರ್ಡ್ ರೇ ಮತ್ತು ಕಾಠಿಯಾವಾಡದ ಪೊಲಿಟಿಕಲ್ ಏಜೆಂಟ್ ಕರ್ನಲ್ ವಾಟ್ಸನ್ ಅವರ ಮುಂದೆ ಸಮಾಜದ ಅಹವಾಲನ್ನು ಸಮರ್ಥವಾಗಿ ಮಂಡಿಸಿದರು. 1886ರಲ್ಲಿ ಒಪ್ಪಂದವಾಯಿತು. ಸಮಾಜವು ಸಂಸ್ಥಾನಕ್ಕೆ ವರ್ಷಕ್ಕೆ 15,000 ರೂಪಾಯಿಯಂತೆ 40 ವರ್ಷ ಒಟ್ಟಾಗಿ ಕೊಡುವುದೆಂದೂ ಯಾತ್ರಿಕರಿಂದ ಪ್ರತ್ಯೇಕವಾಗಿ ಕಂದಾಯ ಪಡೆಯಬಾರದೆಂದೂ ತೀರ್ಮಾನವಾಯಿತು.

ಕೆಲವು ವರ್ಷಗಳ ತರುವಾಯ ಇನ್ನೂ ದೊಡ್ಡ ಸಂಕಟ ಎದುರಾಯಿತು. ಇಪ್ಪತ್ತು ಮಂದಿ ತೀರ್ಥಂಕರರು ಮೋಕ್ಷ ಪಡೆದ ಸಮ್ಮೇದಶಿಖರದ ಸನ್ನಿಧಿಯಲ್ಲಿ ಒಬ್ಬ ಆಂಗ್ಲನು ಹಂದಿಗಳನ್ನು ಕೊಂದು ಕೊಬ್ಬು ತೆಗೆಯುವ ಕಾರ್ಖಾನೆ ಹೂಡಿದ್ದನು. ಅಹಿಂಸೆಯೇ ಪರಮಧರ್ಮವೆನ್ನುವವರ ಪವಿತ್ರ ಗಿರಿಯ ಬಳಿ ನಿತ್ಯ ಪ್ರಾಣಿಹತ್ಯೆ ನಡೆಯುವಂತಾಯಿತು. ವೀರಚಂದರು ಕಲ್ಕತ್ತೆಗೆ ಹೋಗಿ ನೆಲೆಸಿದರು. ಹಳೆಯ ದಾಖಲೆಗಳನ್ನು ತಾವೇ ಓದಿ ತಿಳಿಯಬೇಕೆಂದು ಬಂಗಾಳಿಯನ್ನು ಕಲಿತರು. ಕಡೆಗೆ ನ್ಯಾಯಾಲಯದ ತೀರ್ಪು ಜೈನರ ಪರವಾಗಿ ಬಂದು ಆ ಕಾರ್ಖಾನೆ ನಿಂತಿತು. ದಿಗಂಬರರಿಗೂ ಶ್ವೇತಾಂಬರರಿಗೂ ಸಮಾನವಾಗಿ ಪೂಜ್ಯವಾದ ಆ ಕ್ಷೇತ್ರಕ್ಕೆ ಅವರು ಸಲ್ಲಿಸಿದ ಸೇವೆ ಸಮಸ್ತ ಜೈನರ ಮೇಲಣ ಋಣವಾಗಿ ಉಳಿದಿದೆ.

ಇದೇ ದಿನಗಳಲ್ಲಿ ಮುಂಬಯಿಯಲ್ಲಿ ಅವರಿಗೊಬ್ಬ ಗೆಳೆಯರಿದ್ದರು. ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದು ಆಗತಾನೆ ಮರಳಿದ್ದ ಮೋಹನದಾಸ ಕರಮಚಂದ ಗಾಂಧಿ. ಇಬ್ಬರೂ ಕಾಠಿಯಾವಾಡದವರು, ಕಾನೂನಿನ ಅಭ್ಯಾಸದಲ್ಲಿ ತೊಡಗಿದ್ದವರು. ಮಹಾತ್ಮರು ತಮ್ಮ ಆತ್ಮಕಥೆಯಲ್ಲಿ ವೀರಚಂದರನ್ನು ನೆನೆದಿದ್ದಾರೆ. ತಮ್ಮ ಆಹಾರ ಪ್ರಯೋಗಗಳಲ್ಲಿ ಅವರು ಜೊತೆಯಾಗಿದ್ದುದನ್ನು ಹೇಳಿದ್ದಾರೆ. 1893ರಲ್ಲಿ ಇಬ್ಬರೂ ಹಡಗು ಹತ್ತಿದರು. ಒಬ್ಬರು ಹೋದದ್ದು ದಕ್ಷಿಣ ಆಫ್ರಿಕಕ್ಕೆ, ಮತ್ತೊಬ್ಬರು ಅಮೆರಿಕೆಗೆ. ಪರದೇಶದಲ್ಲಿ ಅಹಿಂಸೆಯ ಹೆಸರನ್ನು ಎತ್ತಿಹಿಡಿಯುವ ಭಾಗ್ಯ ಇಬ್ಬರಿಗೂ ಬೇರೆ ಬೇರೆ ರೀತಿಯಲ್ಲಿ ಒದಗಿತು.

ಅಮೆರಿಕೆಯ ಕರೆ ಮೊದಲು ಬಂದದ್ದು ವೀರಚಂದರಿಗಲ್ಲ. ಕೊಲಂಬಸ್ ಅಮೆರಿಕವನ್ನು ಕಂಡು 400 ವರ್ಷವಾದ ಸ್ಮರಣೆಗಾಗಿ ಷಿಕಾಗೊ ನಗರದಲ್ಲಿ ಮಹಾಪ್ರದರ್ಶನ ಏರ್ಪಟ್ಟಿತ್ತು. ಅದರ ಅಂಗವಾಗಿ ಜಗತ್ತಿನ ಎಲ್ಲ ಮತಗಳ ಸಮ್ಮೇಳನವನ್ನು ಕೂಡಿಸಬೇಕೆಂದು ಚಾರ್ಲ್ಸ್ ಬಾನಿ ಎಂಬ ನ್ಯಾಯವಾದಿ ಸಂಕಲ್ಪಿಸಿದರು. ಕ್ರೈಸ್ತ ಧರ್ಮಬೋಧಕರಾದ ಜಾನ್ ಹೆನ್ರಿ ಬರೋಸ್ ಅದರ ವ್ಯವಸ್ಥೆಗೆ ಮುಂದಾದರು. ಜೈನಧರ್ಮದ ಪ್ರತಿನಿಧಿಯಾಗಿ ಅವರು ಆಹ್ವಾನಿಸಿದ್ದು ಶ್ವೇತಾಂಬರ ಪರಂಪರೆಯ ಮಹಾವಿದ್ವಾಂಸರಾದ ಆಚಾರ್ಯ ವಿಜಯಾನಂದಸೂರಿಯವರನ್ನು. ಆತ್ಮಾರಾಮಜಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಆ ಮುನಿಗಳಿಗೆ ಹೋಗಲು ಸಾಧ್ಯವಿರಲಿಲ್ಲ. ಜೈನ ಮುನಿಯು ನೆಲ ನೋಡಿ ನಡೆಯುವ ಈರ್ಯಾಸಮಿತಿಯನ್ನು ಪಾಲಿಸುವವನು, ಬರಿಗಾಲಲ್ಲಿ ವಿಹರಿಸುವವನು, ಭಿಕ್ಷೆಯಿಂದ ಬದುಕುವವನು. ಹಡಗಿನ ಪ್ರಯಾಣ ಅವನ ಆಚಾರಕ್ಕೆ ಹೊಂದದು.

ಪ್ರೀತಿಯಿಂದ ಬಂದ ಕರೆಯನ್ನು ತಳ್ಳಿಹಾಕುವುದೂ ಆಚಾರ್ಯರಿಗೆ ಒಪ್ಪಿಗೆಯಾಗಲಿಲ್ಲ. ದೂರದಲ್ಲಿರುವ ಜನ ಜಿನಧರ್ಮವನ್ನು ಅರಿಯಲು ಬಯಸಿ ಬಾಗಿಲು ತೆರೆದಿರುವಾಗ ಸುಮ್ಮನಿರುವುದು ಸರಿಯೇ? ವ್ರತವೂ ಉಳಿಯಬೇಕು, ಕರೆಗೆ ಉತ್ತರವೂ ಸಲ್ಲಬೇಕು. ಅವರು ಎರಡು ದಾರಿಗಳನ್ನು ಹಿಡಿದರು. ಸಮ್ಮೇಳನದವರ ಜಿಜ್ಞಾಸೆಗೆ ಉತ್ತರವಾಗಿ ಷಿಕಾಗೊ ಪ್ರಶ್ನೋತ್ತರ ಎಂಬ ಗ್ರಂಥವನ್ನು ರಚಿಸಿದರು. ತಮ್ಮ ಬದಲಾಗಿ ಗೃಹಸ್ಥನೊಬ್ಬನನ್ನು ಕಳುಹಿಸಲು ನಿಶ್ಚಯಿಸಿದರು. ಆಯ್ಕೆಯಾದವರೇ ವೀರಚಂದರು. ಆಚಾರ್ಯರು ಕೆಲವು ತಿಂಗಳು ಅವರನ್ನು ತಮ್ಮ ಬಳಿ ಇರಿಸಿಕೊಂಡು ತತ್ತ್ವಶಾಸ್ತ್ರದ ಸೂಕ್ಷ್ಮಗಳನ್ನು ಬೋಧಿಸಿದರು. ಸಾಗರವನ್ನು ದಾಟಿದರೂ ಆಹಾರಶುದ್ಧಿಯನ್ನೂ ದೇಶದ ಉಡುಪನ್ನೂ ಬಿಡಬಾರದೆಂಬ ನಿಷ್ಠೆಯನ್ನು ಕಟ್ಟಿಕೊಂಡು ಶಿಷ್ಯರು ಹೊರಟರು.

ಇಲ್ಲಿ ಶ್ರಾವಕನ ಮತ್ತೊಂದು ವ್ರತವನ್ನು ನೆನೆಯಬೇಕು. ದಿಗ್ವ್ರತವೆಂದರೆ ತಾನು ಸಂಚರಿಸುವ ದಿಕ್ಕುಗಳಿಗೆ ಎಲ್ಲೆ ಕಟ್ಟಿಕೊಳ್ಳುವುದು. ಲೋಭದಿಂದ, ಭೋಗದಾಸೆಯಿಂದ ದೇಶದೇಶಗಳನ್ನು ಸುತ್ತಿ ಜೀವಹಿಂಸೆಯನ್ನೂ ಪರಿಗ್ರಹವನ್ನೂ ಹೆಚ್ಚಿಸಿಕೊಳ್ಳದಿರಲೆಂದೇ ಈ ಕಟ್ಟು. ಅದರ ತಿರುಳು ಸಂಯಮ. ಅಂದಿನ ಸಂಪ್ರದಾಯಸ್ಥರು ತಿರುಳಿಗಿಂತ ಸಮುದ್ರದ ನೀರನ್ನೇ ದೊಡ್ಡದು ಮಾಡಿದರು. ಕಡಲು ದಾಟಿದವನು ಧರ್ಮಭ್ರಷ್ಟನೆಂಬ ಕೂಗು ಎದ್ದಿತು. ಆ ಕೂಗಿನ ನಡುವೆಯೇ ವೀರಚಂದರು ಹಡಗು ಹತ್ತಬೇಕಾಯಿತು.

1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನ ಆರಂಭವಾಯಿತು. 27ರವರೆಗೆ ಹದಿನೇಳು ದಿನ ಅದು ನಡೆಯಿತು. ಸ್ವಾಮಿ ವಿವೇಕಾನಂದರು, ಬ್ರಹ್ಮಸಮಾಜದ ಪ್ರತಾಪಚಂದ್ರ ಮಜುಂದಾರರು, ಸಿಂಹಳದ ಬೌದ್ಧ ಪ್ರತಿನಿಧಿ ಧರ್ಮಪಾಲರು ಕುಳಿತಿದ್ದ ಆ ವೇದಿಕೆಯ ಮೇಲೆ ತಲೆಗೆ ಮುಂಡಾಸು ಸುತ್ತಿ ಹೆಗಲಿಗೆ ಶಾಲು ಹೊದ್ದ 29ರ ಹರೆಯದ ವೀರಚಂದರೂ ಇದ್ದರು. ಮೊದಲ ದಿನ ಅವರ ಮಾತು ಚಿಕ್ಕದು. ತಮ್ಮ ಗುರುಗಳ ಮತ್ತು ಭಾರತದ ಜೈನ ಸಮಾಜದ ಪರವಾಗಿ ಆತಿಥೇಯರಿಗೆ ಕೃತಜ್ಞತೆಯನ್ನು ಅರ್ಪಿಸಿ ಕುಳಿತರು. ತನ್ನ ಮತದ ಹಿರಿಮೆಯನ್ನು ಹೊಗಳಿಕೊಳ್ಳುವ ಮುನ್ನ ಕರೆದವರಿಗೆ ವಂದಿಸುವುದು ಅತಿಥಿಗೆ ಭೂಷಣವೆಂಬುದನ್ನು ಅವರು ಬಲ್ಲವರಾಗಿದ್ದರು.

ಜೈನಧರ್ಮವು ಬೌದ್ಧಧರ್ಮದ ಒಂದು ಕವಲೆಂಬ ತಪ್ಪು ತಿಳಿವಳಿಕೆ ಆಗ ಪಶ್ಚಿಮದಲ್ಲಿ ಹರಡಿತ್ತು. ಜರ್ಮನಿಯ ವಿದ್ವಾಂಸ ಹರ್ಮನ್ ಯಾಕೋಬಿಯವರು 1884ರಲ್ಲಿ ಪ್ರಕಟಿಸಿದ ಜೈನಸೂತ್ರಗಳ ಅನುವಾದದಲ್ಲಿ ಅದನ್ನು ಖಂಡಿಸಿದ್ದರೂ ಆ ಮಾತು ವಿದ್ವಾಂಸರ ವಲಯವನ್ನು ದಾಟಿ ಹೊರಬಂದಿರಲಿಲ್ಲ. ವೀರಚಂದರು ಸಾಮಾನ್ಯ ಶ್ರೋತೃಗಳಿಗೆ ತಿಳಿಯುವಂತೆ ಜೀವ ಅಜೀವಾದಿ ತತ್ತ್ವಗಳನ್ನೂ ಕರ್ಮಸಿದ್ಧಾಂತವನ್ನೂ ಅಹಿಂಸೆಯ ಆಚಾರವನ್ನೂ ವಿವರಿಸಿದರು. ಒಂದೇ ವಸ್ತುವನ್ನು ಹಲವು ಬಗೆಯಿಂದ ನೋಡಬಹುದೆಂಬ ಅನೇಕಾಂತದ ಬೆಳಕು ಆ ಸಭೆಗೆ ಬಹಳ ಪ್ರಸ್ತುತವಾಗಿತ್ತು. ಹಲವು ಮತಗಳವರು ಒಂದೆಡೆ ಕುಳಿತ ಸಭೆಗೆ ಅದಕ್ಕಿಂತ ತಕ್ಕ ತತ್ತ್ವ ಬೇರೊಂದಿಲ್ಲ.

ಅನೇಕಾಂತವನ್ನು ಮಾತಿನಲ್ಲಿ ಹೇಳಿದವರಿಗೆ ಅದನ್ನು ನಡೆಯಲ್ಲಿ ತೋರುವ ಪ್ರಸಂಗವೂ ಒದಗಿತು. ಲಂಡನ್ನಿನಿಂದ ಬಂದಿದ್ದ ಜಾರ್ಜ್ ಪೆಂಟಕೋಸ್ಟ್ ಎಂಬ ಪಾದ್ರಿ ಹಿಂದೂ ದೇವಾಲಯಗಳ ಸೇವೆಯಲ್ಲಿದ್ದ ಸ್ತ್ರೀಯರ ನಡತೆಯನ್ನು ಎತ್ತಿಕೊಂಡು ಹಿಂದೂಧರ್ಮವನ್ನೇ ಕಟುವಾಗಿ ನಿಂದಿಸಿದರು. ಆ ಟೀಕೆ ಜೈನರನ್ನು ಕುರಿತದ್ದಾಗಿರಲಿಲ್ಲ. ಸುಮ್ಮನಿದ್ದರೆ ವೀರಚಂದರನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಅವರು ಎದ್ದು ನಿಂತರು. ತಮ್ಮ ಧರ್ಮದ ವಿಷಯ ಹೇಳುವ ಮೊದಲು ಈ ನಿಂದೆಗೆ ಉತ್ತರ ಕೊಟ್ಟರು. ಸಮಾಜದಲ್ಲಿ ಕಾಣುವ ದೋಷವನ್ನು ಧರ್ಮದ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ವಾದಿಸಿದರು. ನಿಂದಿಸಿದವರನ್ನು ತಾವು ನಿಂದಿಸಲಿಲ್ಲ. ಪಕ್ಕದ ಮನೆಗೆ ಬಿದ್ದ ಕಲ್ಲನ್ನು ತನ್ನ ಮನೆಗೇ ಬಿದ್ದಂತೆ ಎಣಿಸುವ ನೆರೆಯವನ ಧರ್ಮ ಅದು.

ಸಮ್ಮೇಳನ ಮುಗಿದ ಮೇಲೂ ಅಮೆರಿಕದ ಜನ ಅವರನ್ನು ಬಿಡಲಿಲ್ಲ. ಷಿಕಾಗೊ, ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ ಮೊದಲಾದ ನಗರಗಳಲ್ಲಿ ಅವರ ಉಪನ್ಯಾಸಗಳು ನಡೆದವು. ಜೈನದರ್ಶನವಷ್ಟೇ ಅಲ್ಲ, ಭಾರತದ ಷಡ್ದರ್ಶನಗಳು, ಯೋಗ, ಪ್ರಾಚೀನ ಭಾರತದ ಜೀವನಕ್ರಮ, ಸ್ತ್ರೀಯರ ಸ್ಥಾನ, ದೇಶದ ಆರ್ಥಿಕ ದುಃಸ್ಥಿತಿ ಇವೆಲ್ಲವೂ ಅವರ ವಿಷಯಗಳಾಗಿದ್ದವು. ಅಲ್ಲಿಯ ಜಿಜ್ಞಾಸುಗಳಿಗಾಗಿ ಗಾಂಧಿ ತತ್ತ್ವಶಾಸ್ತ್ರ ಸಂಘವನ್ನು ಆರಂಭಿಸಿದರು. ಭಾರತೀಯ ಸ್ತ್ರೀಯರ ವಿದ್ಯಾಭ್ಯಾಸಕ್ಕೆ ನೆರವಾಗಲು ಇನ್ನೊಂದು ಸಂಸ್ಥೆ ಸ್ಥಾಪನೆಗೊಂಡಿತು. ಅದರ ಕಾರ್ಯದರ್ಶಿಯಾದ ಹೊವರ್ಡ್ ಎಂಬ ಮಹಿಳೆ ವೀರಚಂದರ ಸಹವಾಸದಿಂದ ಮಾಂಸಾಹಾರವನ್ನು ತೊರೆದು ಸಾಮಾಯಿಕವನ್ನು ಅಭ್ಯಾಸ ಮಾಡಿದರು. ಯಾರನ್ನೂ ಮತಾಂತರಿಸುವುದು ವೀರಚಂದರ ಉದ್ದೇಶವಾಗಿರಲಿಲ್ಲ. ತಮ್ಮೆದುರು ಕುಳಿತ ಅತಿಥಿ ಏನನ್ನು ತಿನ್ನುತ್ತಾನೆ, ಏನನ್ನು ಬಿಡುತ್ತಾನೆ, ಏಕೆ ಬಿಡುತ್ತಾನೆ ಎಂಬುದನ್ನು ಕಂಡವರು ತಮ್ಮ ತಟ್ಟೆಯ ಕಡೆಗೂ ಒಮ್ಮೆ ನೋಡಿಕೊಂಡರು.

ಮೈ ಕೊರೆಯುವ ಚಳಿಯ ಆ ನಾಡಿನಲ್ಲಿ ಮಾಂಸವಿಲ್ಲದೆ ಬದುಕಲಾಗದೆಂಬುದು ಜನರ ಸಾಮಾನ್ಯ ನಂಬಿಕೆ. ಔಷಧಿಯೆಂದಾದರೂ ತೆಗೆದುಕೊಳ್ಳಬಹುದಲ್ಲ ಎನ್ನುವ ಸಡಿಲಿಕೆಗೆ ಅಲ್ಲಿ ಎಷ್ಟೋ ಎಡೆಯಿತ್ತು. ವೀರಚಂದರು ಧಾನ್ಯ, ಕಾಯಿಪಲ್ಯಗಳಲ್ಲೇ ಚಳಿಗಾಲವನ್ನು ಕಳೆದರು. ಇದಕ್ಕೆ ಸಾಕ್ಷಿ ನುಡಿದವರು ಸಾಮಾನ್ಯರಲ್ಲ, ಸ್ವಾಮಿ ವಿವೇಕಾನಂದರು. 1894ರಲ್ಲಿ ಜುನಾಗಢದ ದಿವಾನರಾಗಿದ್ದ ಹರಿದಾಸ ವಿಹಾರಿದಾಸ ದೇಸಾಯಿಯವರಿಗೆ ಬರೆದ ಪತ್ರದಲ್ಲಿ ಸ್ವಾಮೀಜಿಯವರು, ಘೋರ ಚಳಿಯಲ್ಲೂ ಸಸ್ಯಾಹಾರವನ್ನು ಬಿಡದೆ ತನ್ನ ದೇಶ ಧರ್ಮಗಳ ಪರವಾಗಿ ಹೋರಾಡುತ್ತಿರುವ, ಅಲ್ಲಿಯ ಜನರ ಪ್ರೀತಿಗೆ ಪಾತ್ರರಾಗಿರುವ ಈ ಜೈನ ಗೃಹಸ್ಥರನ್ನು ಮೆಚ್ಚಿ ನೆನೆದರು. ಇಂಥವರಿಗೆ ತವರಿನವರು ಜಾತಿಯಿಂದ ಹೊರಗಿಡುವ ಬೆದರಿಕೆ ಹಾಕುತ್ತಿದ್ದಾರಲ್ಲ ಎಂದು ಮರುಗಿದರು.

ಆ ಮರುಕಕ್ಕೆ ಕಾರಣವಿತ್ತು. ಕಡಲಾಚೆಯ ಜನ ಪೀಠ ಕೊಟ್ಟು ಕೂರಿಸಿಕೊಂಡವರನ್ನು ಸ್ವಂತ ಮನೆಯವರೇ ಹೊಸ್ತಿಲ ಹೊರಗೆ ನಿಲ್ಲಿಸಲು ಹೊರಟಿದ್ದರು. 1895ರಲ್ಲಿ ವೀರಚಂದರು ಭಾರತಕ್ಕೆ ಮರಳಿದಾಗ ಅಭಿನಂದನೆಯೊಂದಿಗೆ ಅಪಸ್ವರವೂ ಕಾದಿತ್ತು. ಅವರು ಕಲಹಕ್ಕೆ ನಿಲ್ಲಲಿಲ್ಲ. ಧರ್ಮಕ್ಕಾಗಿ ಹೋದವನು ಆಚಾರ ಕೆಡಿಸಿಕೊಂಡಿಲ್ಲವೆಂಬ ಭರವಸೆಯಿಂದ ಆತ್ಮಾರಾಮಜಿಯವರು ಶಿಷ್ಯನ ಬೆಂಬಲಕ್ಕೆ ನಿಂತರು. ಸಾಗರಯಾನವನ್ನು ತಾವು ಮಾಡಲಾಗದ ಗುರು, ಸಾಗರಯಾನ ಮಾಡಿದ ಶಿಷ್ಯನನ್ನು ಸಮರ್ಥಿಸಿದರೆಂಬುದು ಮನನೀಯ. ಮುನಿಯ ಧರ್ಮವೇ ಬೇರೆ, ಗೃಹಸ್ಥನ ಧರ್ಮವೇ ಬೇರೆ. ಒಂದರ ಅಳತೆಗೋಲಿನಿಂದ ಮತ್ತೊಂದನ್ನು ಅಳೆಯಬಾರದೆಂಬ ಜೈನಾಚಾರದ ವಿವೇಕ ಅಲ್ಲಿ ಎದ್ದು ಕಾಣುತ್ತದೆ. 1896ರಲ್ಲಿ ಆ ಆಚಾರ್ಯರು ಗುಜ್ರಾನ್‌ವಾಲಾದಲ್ಲಿ ದೇಹ ಬಿಟ್ಟರು.

ಅಮೆರಿಕದ ಗೆಳೆಯರು ಮತ್ತೆ ಕರೆದರು. 1896ರಲ್ಲಿ ವೀರಚಂದರು ಎರಡನೆಯ ಬಾರಿ ಹೊರಟರು. ಈ ಸಲ ಪತ್ನಿ ಜೀವಿಬಾಯಿಯವರೂ ಮಗನೂ ಜೊತೆಗಿದ್ದರು. ಆ ವರ್ಷವೇ ಭಾರತದಲ್ಲಿ ಭೀಕರ ಕ್ಷಾಮ ತಲೆದೋರಿತು. ಮಳೆ ಕೈಕೊಟ್ಟು ಬೆಳೆ ಒಣಗಿತು. ಧಾನ್ಯದ ಬೆಲೆ ಬಡವರ ಕೈಗೆ ಎಟುಕದಂತಾಯಿತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಸುಖವಾದ ನಾಡಿನಲ್ಲಿ ಅತಿಥಿಯಾಗಿದ್ದ ವೀರಚಂದರಿಗೆ ಆ ಸುದ್ದಿ ತಲುಪಿದಾಗ ಅವರು ತತ್ತ್ವೋಪನ್ಯಾಸಗಳನ್ನು ಬದಿಗಿರಿಸಿ ಹಸಿದವರ ಪರವಾಗಿ ಕೈಚಾಚಿದರು. ಷಿಕಾಗೊದಲ್ಲಿ ಕ್ಷಾಮ ಪರಿಹಾರ ಸಮಿತಿ ರಚನೆಯಾಯಿತು. ಸರ್ವಧರ್ಮ ಸಮ್ಮೇಳನವನ್ನು ಕೂಡಿಸಿದ್ದ ಚಾರ್ಲ್ಸ್ ಬಾನಿಯವರೇ ಅದರ ಅಧ್ಯಕ್ಷತೆ ವಹಿಸಿದರು. ಆ ಪ್ರಯತ್ನದ ಫಲವಾಗಿ ಒಂದು ಹಡಗಿನ ತುಂಬ ಧಾನ್ಯವೂ 40,000 ರೂಪಾಯಿಗಳೂ ಭಾರತಕ್ಕೆ ಬಂದವು.

ತನಗಾಗಿ ಏನನ್ನೂ ಬೇಡದ ಅತಿಥಿ ಪರರ ಹಸಿವಿಗಾಗಿ ಬೇಡಿದಾಗ ಆತಿಥೇಯನು ಕಣಜವನ್ನೇ ತೆರೆದನು. ತಾವು ಎಂದೂ ಕಾಣದ ಜನರಿಗೆ, ತಮ್ಮ ಮತದವರಲ್ಲದವರಿಗೆ ಆ ಅಮೆರಿಕನ್ನರು ತಮ್ಮ ಬೆಳೆಯಲ್ಲಿ ಭಾಗ ಎತ್ತಿಟ್ಟು ಕಳುಹಿಸಿದರು. ಅತಿಥಿಸಂವಿಭಾಗವೆಂಬ ಶಬ್ದವನ್ನು ಅವರಲ್ಲಿ ಬಹುಮಂದಿ ಕೇಳಿಯೇ ಇರಲಿಲ್ಲ. ಆದರೂ ಆ ವ್ರತದ ಒಳಗುಟ್ಟು ಅವರ ಕೈಯಿಂದ ಪ್ರಕಟವಾಯಿತು. ಕರುಣೆ ಯಾವ ಒಂದು ಕುಲದ ಸೊತ್ತೂ ಅಲ್ಲ. ಅದು ಜೀವದ ಸ್ವಭಾವ. ಕರ್ಮದ ಮುಸುಕು ಸ್ವಲ್ಪ ಸರಿದರೆ ಯಾವ ನಾಡಿನ ಜೀವದಲ್ಲಾದರೂ ಅದು ಬೆಳಗುತ್ತದೆ.

ತರುವಾಯದ ವರ್ಷಗಳನ್ನು ವೀರಚಂದರು ಇಂಗ್ಲೆಂಡಿನಲ್ಲಿಯೂ ಕಳೆದರು. ಅಲ್ಲಿ ಕಾನೂನಿನ ಅಧ್ಯಯನದ ಜೊತೆಗೆ ಧರ್ಮಬೋಧೆಯೂ ನಡೆಯಿತು. ಲಂಡನ್ನಿನಲ್ಲಿ ಅವರ ಮಾತು ಕೇಳಿದ ಹರ್ಬರ್ಟ್ ವಾರನ್ ಎಂಬ ಆಂಗ್ಲರು ಜೈನಧರ್ಮವನ್ನು ಅಂಗೀಕರಿಸಿ, ಮಾಂಸವನ್ನು ತೊರೆದು, ಶ್ರಾವಕರಂತೆ ಬಾಳಿದರು. ವೀರಚಂದರ ಮಾತುಗಳನ್ನು ಬರೆದಿಟ್ಟುಕೊಂಡಿದ್ದ ಅವರು ಮುಂದೆ ಆ ಟಿಪ್ಪಣಿಗಳ ಆಧಾರದಿಂದ ಜೈನಧರ್ಮವನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ರಚಿಸಿದರು.

ನಿರಂತರ ಪ್ರಯಾಣ, ವಿಶ್ರಾಂತಿಯಿಲ್ಲದ ಶ್ರಮ ದೇಹವನ್ನು ಸವೆಸಿದವು. ಕಾಯಿಲೆಯೊಂದಿಗೆ ತಾಯ್ನಾಡಿಗೆ ಮರಳಿದ ವೀರಚಂದರು ಬಹುಕಾಲ ಉಳಿಯಲಿಲ್ಲ. 1901ರ ಆಗಸ್ಟ್ 7ರಂದು, 37 ತುಂಬಲು ಕೆಲವೇ ದಿನಗಳಿರುವಾಗ, ಅವರ ಆಯುಷ್ಯ ಮುಗಿಯಿತು. ಅವರ ಉಪನ್ಯಾಸಗಳು ಜೈನ ತತ್ತ್ವಜ್ಞಾನ, ಕರ್ಮ ತತ್ತ್ವಜ್ಞಾನ ಮೊದಲಾದ ಇಂಗ್ಲಿಷ್ ಗ್ರಂಥಗಳಾಗಿ ಆಮೇಲೆ ಪ್ರಕಟವಾದವು. ಸಮಾಜ ಅವರನ್ನು ಬಹುಕಾಲ ಮರೆತಿತ್ತು. ಇಂದು ಅವರು ಹುಟ್ಟಿದ ಮಹುವಾದಲ್ಲಿಯೂ ಅತಿಥಿಯಾಗಿ ಹೋಗಿದ್ದ ಷಿಕಾಗೊದ ಜೈನಮಂದಿರದ ಆವರಣದಲ್ಲಿಯೂ ಅವರ ಪ್ರತಿಮೆಗಳಿವೆ. ಭಾರತ ಸರ್ಕಾರ 2002ರಲ್ಲಿ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರತಂದಿತು.

ಆಹಾರ, ಔಷಧ, ಶಾಸ್ತ್ರ, ಅಭಯ ಇವು ನಾಲ್ಕು ದಾನಗಳು. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡಿನವರಿಗೆ ಶಾಸ್ತ್ರದಾನದ ಮಹಿಮೆಯನ್ನು ಹೊಸದಾಗಿ ಹೇಳಬೇಕಿಲ್ಲ. ವೀರಚಂದರ ಬಾಳಿನಲ್ಲಿ ಈ ದಾನಗಳು ಕೊಡುವವರು ಪಡೆಯುವವರೆಂಬ ಭೇದವಿಲ್ಲದೆ ಅತ್ತಿಂದಿತ್ತ ಹರಿದವು. ಅವರು ಅಮೆರಿಕಕ್ಕೆ ಶಾಸ್ತ್ರವನ್ನು ಒಯ್ದರು. ಅಲ್ಲಿಂದ ಆಹಾರ ಹರಿದುಬಂತು. ಅವರ ನಡೆ ಕಂಡು ಮಾಂಸ ಬಿಟ್ಟವರಿಂದ ಮೂಕ ಪ್ರಾಣಿಗಳಿಗೆ ಅಭಯ ದೊರೆಯಿತು.

ಇಂದು ಜೈನ ಮನೆಗಳ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಜಗತ್ತಿನ ಮೂಲೆ ಮೂಲೆಗೆ ಹೋಗುತ್ತಿದ್ದಾರೆ. ಅಲ್ಲಿಯ ಸ್ನೇಹಿತರು ಇಲ್ಲಿಯ ಮನೆಗಳಿಗೆ ಬರುತ್ತಾರೆ. ಬಂದವರಿಗೆ ಜಾತಿ ಮತ ಕೇಳದೆ ಎಲೆ ಹಾಕುವುದು ಗೃಹಸ್ಥನ ಒಂದು ಧರ್ಮವಾದರೆ, ಹೋದ ಕಡೆ ತನ್ನ ಎಲೆಯ ಶುದ್ಧಿಯನ್ನು ಅಹಂಕಾರವಿಲ್ಲದೆ ಕಾಪಾಡಿಕೊಳ್ಳುವುದು ಇನ್ನೊಂದು. ದೂರ ಹೋದವರು ಹಿಂದಿರುಗಿದಾಗ ಅವರ ತಪ್ಪನ್ನು ಹುಡುಕುವ ಮೊದಲು ಅವರು ಉಳಿಸಿಕೊಂಡು ಬಂದುದನ್ನು ನೋಡುವುದು ಮೂರನೆಯದು. ವೀರಚಂದರ ಕಾಲದ ಸಮಾಜ ಎಡವಿದ್ದು ಈ ಮೂರನೆಯ ಮೆಟ್ಟಿಲಲ್ಲಿ. ಅತಿಥಿಗೆ ತೆರೆದ ಬಾಗಿಲು ಮನೆಯ ಮಗನಿಗೂ ತೆರೆದಿರಲಿ.